ಓದಿದೆ ಅನ್ನುತ್ತಾರೆ, ಬರೆಯುವುದಿಲ್ಲ: ಕೊಡಗಿನ ಬ್ಲಾಗಿಗೆ ಓದುಗರು ಮತ್ತು ಕಾಮೆಂಟುಗಳು

ಪ್ರಶ್ನೆ: ಪೊನ್ನಂಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಎರಡು ವರ್ಷದಿಂದ ಗೂಗಲ್‌ನ ಬ್ಲಾಗರ್‌ನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತೋಟದ ಕೆಲಸ, ಮಳೆ, ಅಡುಗೆ, ಹಬ್ಬ ಹೀಗೆ 64 ಬರಹಗಳಾಗಿವೆ. ಒಂದೊಂದಕ್ಕೆ 20-25 ಓದು ಅಂತ ಲೆಕ್ಕ ತೋರಿಸುತ್ತದೆ. ಕಾಮೆಂಟು ಒಟ್ಟು ಮೂರು, ಅದರಲ್ಲಿ ಎರಡು ಮನೆಯವರದ್ದೇ. ಗೋಣಿಕೊಪ್ಪ ಸಂತೆಯಲ್ಲಿ ಸಿಕ್ಕವರು ‘ಓದಿದೆ, ಚೆನ್ನಾಗಿತ್ತು’ ಅನ್ನುತ್ತಾರೆ, ಆದರೆ ಬ್ಲಾಗಿನಲ್ಲಿ ಯಾರೂ ಬರೆಯುವುದಿಲ್ಲ. ಏನು ಮಾಡಲಿ? ಎಲ್ಲ ಬಿಟ್ಟು ಫೇಸ್‌ಬುಕ್ಕಿಗೆ ಹೋಗಲೇ?

ಉತ್ತರ: ಸಂತೆಯಲ್ಲಿ ಸಿಕ್ಕವರು ಓದಿದೆ ಅನ್ನುತ್ತಿದ್ದಾರೆ ಎಂದರೆ ನಿಮ್ಮ ಬರವಣಿಗೆಯಲ್ಲಿ ದೋಷವಿಲ್ಲ. ತೊಂದರೆ ಬೇರೆ ಎರಡು ಕಡೆ ಇರುವ ಸಾಧ್ಯತೆ ಹೆಚ್ಚು. ಒಂದು, ಕಾಮೆಂಟು ಹಾಕಲು ಹೋದವರನ್ನು ನಿಮ್ಮ ಬ್ಲಾಗೇ ಬಾಗಿಲಲ್ಲಿ ತಡೆಯುತ್ತಿರಬಹುದು. ಇನ್ನೊಂದು, ಓದಿ ಮುಗಿಸಿದವರಿಗೆ ಹೇಳಲು ನೀವು ಏನನ್ನೂ ಉಳಿಸಿರುವುದಿಲ್ಲ. ಮೊದಲನೆಯದನ್ನು ಇವತ್ತೇ ಹತ್ತು ನಿಮಿಷದಲ್ಲಿ ಸರಿಮಾಡಬಹುದು. ಎರಡನೆಯದಕ್ಕೆ ಒಂದು ಮಳೆಗಾಲ ಬೇಕಾಗುತ್ತದೆ.

ಬಾಗಿಲು ತೆರೆದಿದೆಯೇ ನೋಡಿ

ನಿಮ್ಮ ಫೋನು ಬಿಟ್ಟು ಬೇರೆಯವರ ಫೋನು ತೆಗೆದುಕೊಳ್ಳಿ. ಒಂದು ಆಂಡ್ರಾಯ್ಡ್, ಒಂದು ಐಫೋನ್ ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಬ್ಲಾಗಿನ ಒಂದು ಲಿಂಕನ್ನು ಆ ಫೋನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಅಲ್ಲಿಂದಲೇ ಒತ್ತಿ ತೆರೆಯಿರಿ, ಕೆಳಗೆ ಹೋಗಿ ‘ಪರೀಕ್ಷೆ’ ಅಂತ ಒಂದು ಕಾಮೆಂಟು ಹಾಕಲು ನೋಡಿ. ಎಷ್ಟು ಸಲ ಒತ್ತಬೇಕಾಯಿತು, ಎಲ್ಲಿ ಲಾಗಿನ್ ಕೇಳಿತು, ‘ಪಬ್ಲಿಷ್’ ಒತ್ತಿದ ಮೇಲೆ ಬರೆದದ್ದು ಉಳಿಯಿತೋ ಮಾಯವಾಯಿತೋ ಎಲ್ಲವನ್ನೂ ಗಮನಿಸಿ. ನಿಮ್ಮ ಫೋನಿನಲ್ಲಿ ಇದು ಗೊತ್ತಾಗುವುದಿಲ್ಲ, ಏಕೆಂದರೆ ನೀವು ಯಾವಾಗಲೂ ನಿಮ್ಮ ಖಾತೆಯ ಒಳಗೇ ಇರುತ್ತೀರಿ.

ಈಗ ಬ್ಲಾಗರ್‌ನ ಸೆಟ್ಟಿಂಗ್ಸ್ ತೆರೆದು ಕಾಮೆಂಟ್ಸ್ ವಿಭಾಗಕ್ಕೆ ಹೋಗಿ. ‘ಹೂ ಕ್ಯಾನ್ ಕಾಮೆಂಟ್’ ಎಂಬಲ್ಲಿ ಮೂರು ಆಯ್ಕೆಗಳಿವೆ. ‘ಬ್ಲಾಗಿನ ಸದಸ್ಯರು ಮಾತ್ರ’ ಎಂದಿದ್ದರೆ ನಿಮ್ಮ ಉತ್ತರ ಅಲ್ಲೇ ಸಿಕ್ಕಿತು. ‘ಗೂಗಲ್ ಖಾತೆ ಇರುವವರು’ ಎಂದಿದ್ದರೂ ಅರ್ಧಕ್ಕರ್ಧ ಜನ ತಪ್ಪುತ್ತಾರೆ. ಫೋನಿನಲ್ಲಿ ಗೂಗಲ್ ಖಾತೆ ಹೆಚ್ಚಿನವರಿಗೆ ಇದೆ, ನಿಜ. ಆದರೆ ವಾಟ್ಸ್ಆ್ಯಪ್‌ನಿಂದ ತೆರೆದ ಪುಟ ಮತ್ತೆ ಪಾಸ್‌ವರ್ಡ್ ಕೇಳಿದರೆ ಅದು ಎಷ್ಟು ಜನರ ನೆನಪಿನಲ್ಲಿರುತ್ತದೆ? ‘ಎನಿವನ್’ ಅಂತ ಬದಲಾಯಿಸಿ. ಆಗ ಓದುಗರಿಗೆ ‘ನೇಮ್/ಯುಆರ್‌ಎಲ್’ ಎಂಬ ಆಯ್ಕೆ ಕಾಣುತ್ತದೆ. ಅಲ್ಲಿ ಹೆಸರಷ್ಟೇ ಬರೆದು, ಯುಆರ್‌ಎಲ್ ಜಾಗ ಖಾಲಿ ಬಿಟ್ಟರೂ ಕಾಮೆಂಟು ಹೋಗುತ್ತದೆ. ಇದನ್ನು ಒಂದು ವಾಕ್ಯದಲ್ಲಿ ಕಾಮೆಂಟು ಪೆಟ್ಟಿಗೆಯ ಮೇಲೆ ಬರೆದಿಡಿ: ‘ಲಾಗಿನ್ ಬೇಡ, ನೇಮ್ ಅಂತ ಆರಿಸಿ ಹೆಸರು ಬರೆದರೆ ಸಾಕು.’ ಸೆಟ್ಟಿಂಗ್ಸ್‌ನಲ್ಲೇ ‘ಕಾಮೆಂಟ್ ಫಾರ್ಮ್ ಮೆಸೇಜ್’ ಅಂತ ಅದಕ್ಕೊಂದು ಜಾಗವಿದೆ.

ಅದೇ ಪುಟದಲ್ಲಿ ‘ಕಾಮೆಂಟ್ ಲೊಕೇಶನ್’ ನೋಡಿ. ‘ಎಂಬೆಡೆಡ್’ ಎಂದರೆ ಪೆಟ್ಟಿಗೆ ಬರಹದ ಕೆಳಗೇ ಬರುತ್ತದೆ, ನೋಡಲು ಚೆಂದ. ಆದರೆ ಆ ಪೆಟ್ಟಿಗೆ ನಿಮ್ಮ ಬ್ಲಾಗಿನ ವಿಳಾಸದಿಂದ ಬರುವುದಿಲ್ಲ, ಬ್ಲಾಗರ್‌ನ ಮುಖ್ಯ ವಿಳಾಸದಿಂದ ಬರುತ್ತದೆ. ಹೊರಗಿನ ವಿಳಾಸದ ಕುಕೀಗಳನ್ನು (ಲಾಗಿನ್ ನೆನಪಿಡುವ ಸಣ್ಣ ಕಡತಗಳನ್ನು) ತಡೆಯುವ ಬ್ರೌಸರುಗಳಲ್ಲಿ, ಮುಖ್ಯವಾಗಿ ಐಫೋನಿನ ಸಫಾರಿಯಲ್ಲಿ, ಅದು ಲಾಗಿನ್ ಆದದ್ದನ್ನು ಗುರುತಿಸದೆ ಬರೆದದ್ದನ್ನು ಕಳೆದುಬಿಡಬಹುದು. ಐದು ಸಾಲು ಬರೆದು ಕಳೆದುಕೊಂಡವರು ಎರಡನೇ ಸಲ ಬರೆಯುವುದಿಲ್ಲ. ಪರೀಕ್ಷೆಯಲ್ಲಿ ಹೀಗಾದರೆ ‘ಫುಲ್ ಪೇಜ್’ಗೆ ಬದಲಾಯಿಸಿ. ನೋಟ ಸ್ವಲ್ಪ ಕೆಡುತ್ತದೆ, ಕಾಮೆಂಟು ಉಳಿಯುತ್ತದೆ. ‘ರೀಡರ್ ಕಾಮೆಂಟ್ ಕ್ಯಾಪ್ಚಾ’ ಇದ್ದರೆ ತೆಗೆದುಬಿಡಿ. ಪೊನ್ನಂಪೇಟೆಯ ಅಜ್ಜಿಯೊಬ್ಬರಿಗೆ ಟ್ರಾಫಿಕ್ ಸಿಗ್ನಲ್ ಇರುವ ಚಿತ್ರ ಹುಡುಕುವ ಕೆಲಸ ಕೊಡಬೇಡಿ.

ಹೀಗೆ ತೆರೆದರೆ ಕಸ ಬರುತ್ತದೆ. ‘ನೈಸ್ ಪೋಸ್ಟ್’ ಎಂದು ಬರೆದು ಕೆಳಗೆ ಯಾವುದೋ ಸಾಲದ ಕಂಪನಿಯ ಲಿಂಕು ಅಂಟಿಸಿದ ಕಾಮೆಂಟುಗಳು ಬಹುಪಾಲು ಹಳೆಯ ಬರಹಗಳ ಮೇಲೆ ಬೀಳುತ್ತವೆ. ಅದಕ್ಕೆ ‘ಕಾಮೆಂಟ್ ಮಾಡರೇಶನ್’ ಎಂಬಲ್ಲಿ ‘ಆಲ್ವೇಸ್’ ಬೇಡ, ‘ಸಮ್‌ಟೈಮ್ಸ್’ ಆರಿಸಿ 14 ದಿನ ಎಂದು ಕೊಡಿ. ಹೊಸ ಬರಹಕ್ಕೆ ಬಂದ ಮಾತು ತಕ್ಷಣ ಕಾಣುತ್ತದೆ, 14 ದಿನ ದಾಟಿದ ಬರಹಗಳಿಗೆ ಬಂದದ್ದು ನಿಮ್ಮ ಒಪ್ಪಿಗೆಗೆ ಕಾಯುತ್ತದೆ. ಬರೆದದ್ದು ಆ ಕ್ಷಣವೇ ಪುಟದಲ್ಲಿ ಕಾಣುವುದು ಬಹಳ ಮುಖ್ಯ. ಅದು ಕಂಡರೆ ಬರೆದವರು ಸಂಜೆ ಮತ್ತೊಮ್ಮೆ ಬಂದು ನೋಡುತ್ತಾರೆ.

ಇನ್ನೆರಡು ಸಣ್ಣ ಕೆಲಸ. ಬ್ಲಾಗಿನ ಭಾಷೆಯನ್ನು ಕನ್ನಡ ಮಾಡಿ, ಆಗ ಪುಟದ ಗುಂಡಿಗಳ ಮೇಲಿನ ಇಂಗ್ಲಿಷ್ ಮಾತುಗಳು ಕನ್ನಡಕ್ಕೆ ಬರುತ್ತವೆ. ಸಮಯವಲಯವನ್ನು ಕೋಲ್ಕತ್ತಾಕ್ಕೆ (ಜಿಎಂಟಿ +05:30) ಇಡಿ. ಅದು ಅಮೆರಿಕದ ಸಮಯದಲ್ಲೇ ಉಳಿದಿದ್ದರೆ ನೀವು ಬೆಳಿಗ್ಗೆ ಹಾಕಿದ ಮಳೆಯ ಬರಹಕ್ಕೆ ಹಿಂದಿನ ದಿನದ ತಾರೀಖು ಬೀಳುತ್ತದೆ. ಮಳೆಯ ವಿಷಯದಲ್ಲಿ ನಮ್ಮ ಜನ ಒಂದು ದಿನದ ತಪ್ಪನ್ನೂ ಬಿಡುವವರಲ್ಲ.

ಯಾರಿಗೆ ಬರೆಯುತ್ತಿದ್ದೀರಿ

ಕೊಡಗಿನ ಬಗ್ಗೆ ಓದಲು ಬರುವವರು ಮೂರು ಬಗೆ. ಇಲ್ಲೇ ತೋಟ ಮಾಡಿಕೊಂಡಿರುವವರು, ಊರು ಬಿಟ್ಟು ಬೆಂಗಳೂರು, ಮೈಸೂರು, ಸೈನ್ಯ, ಹೊರದೇಶ ಅಂತ ಹೋದವರು, ಮತ್ತು ಪ್ರವಾಸಿಗರು. ಮೂರನೆಯವರನ್ನು ಬಿಟ್ಟುಬಿಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಅಬ್ಬಿ ಜಲಪಾತ, ರಾಜಾಸೀಟು, ದುಬಾರೆ ಇವುಗಳ ಬಗ್ಗೆ ಹೋಟೆಲುಗಳು, ಪ್ರವಾಸ ಕಂಪನಿಗಳು ಬರೆದ ಪುಟಗಳು ಸಾವಿರಗಟ್ಟಲೆ ಇವೆ. ಅವುಗಳ ಮುಂದೆ ನಿಮ್ಮ ಬ್ಲಾಗು ಹುಡುಕಾಟದಲ್ಲಿ ಮೇಲೆ ಬರುವುದಿಲ್ಲ. ಬಂದರೂ ಪ್ರವಾಸಿಗರು ದಾರಿ, ಸಮಯ, ಟಿಕೆಟು ನೋಡಿಕೊಂಡು ಹೋಗುತ್ತಾರೆ. ಅವರು ಮತ್ತೆ ಬರುವುದಿಲ್ಲ, ಮಾತೂ ಆಡುವುದಿಲ್ಲ.

ಮೊದಲ ಇಬ್ಬರು ಹಾಗಲ್ಲ. ತೋಟದವರಿಗೆ ನಿಮ್ಮಷ್ಟೇ ವಿಷಯ ಗೊತ್ತು, ಎಷ್ಟೋ ಸಲ ನಿಮಗಿಂತ ಹೆಚ್ಚು ಗೊತ್ತು. ಊರು ಬಿಟ್ಟವರ ಹತ್ತಿರ ನೆನಪು ರಾಶಿ ಇದೆ, ಅದನ್ನು ಹೇಳಿಕೊಳ್ಳಲು ಜಾಗವಿಲ್ಲ. ಕಾಮೆಂಟು ಬರುವುದು ಈ ಇಬ್ಬರಿಂದ. ಒಂದು ಬರಹ ಇಬ್ಬರಲ್ಲಿ ಒಬ್ಬರಿಗೆ ಮೀಸಲಾಗಿರಲಿ. ‘ಮಳೆ, ಕಾಫಿ ಮತ್ತು ನಾನು’ ಎಂಬಂಥ ಬರಹ ಇಬ್ಬರಿಗೂ ಸಲ್ಲುವುದಿಲ್ಲ.

ಒಂದು ಬರಹವನ್ನು ಬಿಚ್ಚಿ ಕಟ್ಟುವುದು

ಕಕ್ಕಡ 18ರ (ಕಕ್ಕಡ ಅಥವಾ ಆಟಿ ಎಂಬ ಮಳೆಗಾಲದ ತಿಂಗಳ 18ನೇ ದಿನ) ಮದ್ದು ಸೊಪ್ಪನ್ನೇ ತೆಗೆದುಕೊಳ್ಳೋಣ. ಆಗಸ್ಟ್ ಆರಂಭದಲ್ಲಿ ಬರುವ ಈ ದಿನಕ್ಕೆ ಸೊಪ್ಪಿನಲ್ಲಿ 18 ಬಗೆಯ ಔಷಧ ಸೇರುತ್ತದೆ ಎಂಬುದು ನಂಬಿಕೆ. ಸೊಪ್ಪು ದಂಟು ಕುದಿಸಿ, ನೇರಳೆ ಬಣ್ಣದ ನೀರು ಸೋಸಿ, ಅಕ್ಕಿಯನ್ನೋ ರವೆಯನ್ನೋ ಹಾಕಿ ಬೇಯಿಸಿ, ಬೆಲ್ಲ ತೆಂಗಿನ ಹಾಲು ಸೇರಿಸಿ ಪಾಯಸ ಮಾಡುವುದು ನಿಮಗೆ ನಾನು ಹೇಳಬೇಕಿಲ್ಲ. ಈ ಬರಹವನ್ನು ಹೆಚ್ಚಿನವರು ಹೇಗೆ ಬರೆಯುತ್ತಾರೆ ಎಂದರೆ, ತಲೆಬರಹ ‘ಆಟಿಯ ನೆನಪು’, ಮೊದಲ ನಾಲ್ಕು ಪ್ಯಾರಾ ಮಳೆಯ ವರ್ಣನೆ, ಪಾಯಸ ಐದನೆಯದರಲ್ಲಿ, ಅಳತೆ ‘ಸ್ವಲ್ಪ ಸೊಪ್ಪು, ಬೇಕಾದಷ್ಟು ಬೆಲ್ಲ’. ಪ್ರಕಟಿಸುವುದು ಪಾಯಸ ತಿಂದು ಮುಗಿಸಿದ ಮೇಲೆ, ಆಗಸ್ಟ್ 4ಕ್ಕೆ.

ಇಲ್ಲಿ ನಾಲ್ಕು ಕಡೆ ಓದುಗರು ಕೈತಪ್ಪಿದರು. ‘ಆಟಿಯ ನೆನಪು’ ಎಂದು ಯಾರೂ ಗೂಗಲ್‌ನಲ್ಲಿ ಹುಡುಕುವುದಿಲ್ಲ. ಹುಡುಕುವುದು ‘ಮದ್ದು ಸೊಪ್ಪು ಪಾಯಸ’, ‘ಆಟಿ ಸೊಪ್ಪು’, ‘ಮದ್ದ್ ತೊಪ್ಪ್’ ಎಂದು. ಬೇಕಾದ ಅಳತೆ ಸಿಗಲಿಲ್ಲ. ಸಿಗುವ ಹೊತ್ತಿಗೆ ದಿನ ಕಳೆದುಹೋಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಸಲ ತಿಂದವರ ನಿಜವಾದ ಪ್ರಶ್ನೆಗೆ ಉತ್ತರವಿಲ್ಲ. ಮಾರನೇ ಬೆಳಿಗ್ಗೆ ಮೂತ್ರ ಕೆಂಪಾಗಿ ಹೋಗುವುದು ಕಂಡು ಗಾಬರಿಯಾಗುವವರು ಪ್ರತಿ ವರ್ಷವೂ ಇರುತ್ತಾರೆ. ಕೊಡಗಿಗೆ ಹೊಸದಾಗಿ ಸೊಸೆಯಾಗಿ ಬಂದವರು, ಕೆಲಸಕ್ಕೆಂದು ಬಂದವರು ಅದನ್ನು ಬಾಯಿಬಿಟ್ಟು ಕೇಳಲೂ ನಾಚುತ್ತಾರೆ, ಫೋನಿನಲ್ಲಿ ಹುಡುಕುತ್ತಾರೆ. ಅದು ಸೊಪ್ಪಿನ ಬಣ್ಣ ಎಂಬ ಒಂದು ಸಾಲು ನಿಮ್ಮ ಬರಹದಲ್ಲಿ ಇದ್ದರೆ ಅವರು ಅದನ್ನು ಓದುತ್ತಾರೆ, ಉಳಿಸಿಕೊಳ್ಳುತ್ತಾರೆ, ಇನ್ನೊಬ್ಬರಿಗೆ ಕಳಿಸುತ್ತಾರೆ. (ಸೊಪ್ಪು ಯಾವ್ಯಾವ ಕಾಯಿಲೆ ಗುಣಪಡಿಸುತ್ತದೆ ಎಂಬ ಪಟ್ಟಿ ಮಾತ್ರ ಹಾಕಬೇಡಿ. ನಂಬಿಕೆಯನ್ನು ನಂಬಿಕೆ ಎಂದೇ ಬರೆಯಿರಿ.)

ಹಾಗಾದರೆ ಹೊಸ ತಲೆಬರಹ ಹೀಗಿರಲಿ: ‘ಕಕ್ಕಡ 18: ಮದ್ದು ಸೊಪ್ಪಿನ ಪಾಯಸ, ಅಳತೆ ಸಮೇತ.’ ಮೊದಲ ಮೂರು ಸಾಲಿನೊಳಗೆ ‘ಆಟಿ ಸೊಪ್ಪು’, ‘ಮದ್ದ್ ತೊಪ್ಪ್’ ಎರಡೂ ಹೆಸರು ಬರಲಿ. ಈ ಸಲ ಮಾಡುವಾಗ ಎಷ್ಟು ಹಿಡಿ ಸೊಪ್ಪು, ಎಷ್ಟು ಲೋಟ ನೀರು, ಎಷ್ಟು ಹೊತ್ತಿಗೆ ಬಣ್ಣ ಬಿಟ್ಟಿತು ಎಂದು ಕೈಯಲ್ಲಿ ಗಡಿಯಾರ ಹಿಡಿದು ಬರೆದುಕೊಳ್ಳಿ. ಚಿತ್ರ ಎರಡು ಸಾಕು: ಎಲೆಯನ್ನು ಹತ್ತಿರದಿಂದ ತೆಗೆದದ್ದು ಒಂದು, ಬಣ್ಣ ಬಿಟ್ಟ ನೀರು ಬಿಳಿ ಬಟ್ಟಲಲ್ಲಿ ಇನ್ನೊಂದು. ಎಲೆಯ ಚಿತ್ರವಿಲ್ಲದ ಸೊಪ್ಪಿನ ಬರಹ ಅರ್ಧ ಬರಹ, ಊರು ಬಿಟ್ಟವರಿಗೆ ಸೊಪ್ಪಿನ ಗುರುತೇ ಮರೆತಿರುತ್ತದೆ. ಪ್ರಕಟಿಸುವುದು ಮುಂದಿನ ಕಕ್ಕಡಕ್ಕೆ ಮೊದಲು, ಜುಲೈ 15ರ ಒಳಗೆ, ಗೂಗಲ್ ಹೊಸ ಪುಟವನ್ನು ಕಂಡು ಸೇರಿಸಿಕೊಳ್ಳಲು ಕೆಲವು ದಿನದಿಂದ ಕೆಲವು ವಾರ ಹಿಡಿಯುತ್ತದೆ. ಅದರ ಮುಂದಿನ ವರ್ಷ ಹೊಸ ಬರಹ ಬರೆಯಬೇಡಿ, ಇದನ್ನೇ ತೆರೆದು ತಿದ್ದಿ, ಹೊಸದಾಗಿ ತಿಳಿದದ್ದು ಸೇರಿಸಿ, ವಿಳಾಸ ಬದಲಾಯಿಸದೆ ಇಡಿ. ಮೂರು ವರ್ಷದಲ್ಲಿ ಆ ಒಂದು ಪುಟಕ್ಕೆ ಮೂರು ವರ್ಷದ ಕಾಮೆಂಟುಗಳು ಸೇರಿರುತ್ತವೆ.

ಕೊನೆಯ ಸಾಲು ಯಾವುದು? ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಬರೆದರೆ ಯಾರೂ ತಿಳಿಸುವುದಿಲ್ಲ. ಪಾಯಸದ ಬಗ್ಗೆ ಏನು ಅಭಿಪ್ರಾಯ ಹೇಳುವುದು! ‘ನಿಮ್ಮ ಮನೆಯಲ್ಲಿ ಅಕ್ಕಿಯೋ ರವೆಯೋ? ನಿಮ್ಮ ಊರು ಯಾವುದು?’ ಎಂದು ಕೇಳಿ. ಎರಡೇ ಪದದಲ್ಲಿ ಉತ್ತರ ಮುಗಿಯುತ್ತದೆ. ಎರಡು ಪದ ಬರೆಯಲು ಕೂತವರು ‘ನಮ್ಮ ಅವ್ವ ಮಾತ್ರ...’ ಎಂದು ಆರು ಸಾಲು ಬರೆಯುತ್ತಾರೆ.

ಕೇಳುವ ಪ್ರಶ್ನೆ

ಒಂದು ಒಳ್ಳೆಯ ಪ್ರಶ್ನೆಗೆ ಇರಬೇಕಾದ ಗುಣ ಮೂರು. ಉತ್ತರ ಓದುಗರ ಹತ್ತಿರ ಈಗಲೇ ಇರಬೇಕು, ಯೋಚಿಸಿ ಬರೆಯಬೇಕಾಗಿರಬಾರದು. ಅದು ಒಬ್ಬೊಬ್ಬರದು ಒಂದೊಂದು ಇರಬೇಕು, ಇಲ್ಲದಿದ್ದರೆ ಮೊದಲಿನವರು ಹೇಳಿದ ಮೇಲೆ ಎರಡನೆಯವರಿಗೆ ಕೆಲಸವಿಲ್ಲ. ಮತ್ತು ಅದನ್ನು ಬಹಿರಂಗವಾಗಿ ಹೇಳಿದರೆ ಏನೂ ನಷ್ಟವಾಗಬಾರದು.

ಈ ಮೂರೂ ಕೂಡಿರುವ ವಿಷಯ ಕೊಡಗಿನಲ್ಲಿ ಮಳೆ. ತೋಟದ ಮನೆಯ ಅಂಗಳದಲ್ಲಿ ಮಳೆ ಮಾಪಕ, ಗೋಡೆಯಲ್ಲಿ ಕ್ಯಾಲೆಂಡರು, ಕ್ಯಾಲೆಂಡರಿನ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆದ ಇಂಚು-ಸೆಂಟ್, ಇದು ಎಷ್ಟೋ ಮನೆಗಳಲ್ಲಿ ತಲೆಮಾರಿನಿಂದ ಬಂದ ರೂಢಿ. ಸರ್ಕಾರದ ಲೆಕ್ಕ ಮಿಲಿಮೀಟರಿನಲ್ಲಿ ಬಂದರೂ ನಾವು ಮಾತಾಡುವುದು ಸೆಂಟಿನಲ್ಲೇ. ನೂರು ಸೆಂಟ್ ಒಂದು ಇಂಚು, ಒಂದು ಇಂಚು 25.4 ಮಿ.ಮೀ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಕಾಫಿ ಹೂ ಬಿಡಿಸುವ ಹೂಮಳೆಗಾಗಿ ಎಲ್ಲರೂ ಆಕಾಶ ನೋಡುತ್ತಿರುತ್ತಾರೆ. ಪೊನ್ನಂಪೇಟೆಗೆ ಒಂದೂಕಾಲು ಇಂಚು ಸಿಕ್ಕಿ, ಎರಡು ಕಿಲೋಮೀಟರು ಆಚೆ ಇಪ್ಪತ್ತು ಸೆಂಟೂ ಸಿಗದೆ ಹೋಗಬಹುದು. ಅರೆಬರೆ ಮಳೆ ಬಿದ್ದರೆ ಹೂ ಸರಿಯಾಗಿ ಬಿಡುವುದಿಲ್ಲ, ಹೂ ಬಿಟ್ಟ ಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬರದಿದ್ದರೆ ಕಾಯಿ ನಿಲ್ಲುವುದಿಲ್ಲ. ಆದ್ದರಿಂದ ಪಕ್ಕದ ಊರಿನ ಅಂಕಿ ಎಲ್ಲರಿಗೂ ಬೇಕು, ತಮ್ಮ ಅಂಕಿ ಎಲ್ಲರ ಹತ್ತಿರವೂ ಇದೆ.

ಆ ದಿನಗಳಲ್ಲಿ ಹೀಗೆ ಮಾಡಿ. ರಾತ್ರಿ ಮಳೆ ಬಂದ ಮಾರನೇ ಬೆಳಿಗ್ಗೆ ಒಂಬತ್ತರೊಳಗೆ ಎಂಟು ಹತ್ತು ಸಾಲಿನ ಬರಹ ಹಾಕಿ. ನಿಮ್ಮ ಅಂಕಿ, ಅಳೆದ ಸಮಯ, ಹಿಂದಿನ ವರ್ಷ ಇದೇ ವಾರದ ನಿಮ್ಮ ಅಂಕಿ, ಮೊಗ್ಗು ಯಾವ ಹಂತದಲ್ಲಿದೆ ಎಂಬ ಒಂದು ಹತ್ತಿರದ ಚಿತ್ರ. ಕೊನೆಗೆ: ‘ನಿಮ್ಮಲ್ಲಿ ಎಷ್ಟು ಸೆಂಟ್? ಊರಿನ ಹೆಸರು ಮತ್ತು ಅಂಕಿ ಸಾಕು.’ ಅಳತೆಯ ಸಮಯ ಎಲ್ಲರದೂ ಒಂದೇ ಇರಲಿ ಎಂದು ಹೇಳಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಲೆಕ್ಕ ಹಿಡಿಯುತ್ತದೆ, ಅದನ್ನೇ ಅನುಸರಿಸಿದರೆ ಹೋಲಿಸಲು ಅನುಕೂಲ. ಸಂಜೆ, ಬಂದ ಅಂಕಿಗಳನ್ನೆಲ್ಲ ಊರಿನ ಹೆಸರಿನೊಂದಿಗೆ ಅದೇ ಬರಹದ ಮೇಲ್ಭಾಗದಲ್ಲಿ ಪಟ್ಟಿಮಾಡಿ. ಈ ಕೊನೆಯ ಹೆಜ್ಜೆ ತಪ್ಪಿಸಿದರೆ ಉಳಿದದ್ದೆಲ್ಲ ವ್ಯರ್ಥ. ತಾನು ಬರೆದದ್ದು ಪಟ್ಟಿಯಲ್ಲಿ ಸೇರಿತು ಎಂದು ಕಂಡವರು ಮುಂದಿನ ಮಳೆಗೆ ನೀವು ಕೇಳುವ ಮೊದಲೇ ಬರೆಯುತ್ತಾರೆ. ಮಡಿಕೇರಿಯ ಪತ್ರಿಕೆಯಲ್ಲಿ ಮಳೆಯ ವಿವರವನ್ನು ಜನ ಯಾವ ಆಸಕ್ತಿಯಿಂದ ಓದುತ್ತಾರೆ ಎಂಬುದು ನಿಮಗೆ ಗೊತ್ತಿದೆ. ಪತ್ರಿಕೆಗೆ ಸಿಗದ ಸಣ್ಣ ಊರುಗಳ ಅಂಕಿ ನಿಮ್ಮಲ್ಲಿ ಸಿಗಲಿ.

ಕೊಯ್ಲಿನ ನಂತರ ಇದೇ ರೀತಿ ಓಟಿ ಬಗ್ಗೆ ಕೇಳಬಹುದು. 50 ಕೆ.ಜಿ. ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಚೀಲದಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆ.ಜಿ. ಬೀಜ ಸಿಕ್ಕಿತು ಎಂಬುದೇ ಓಟಿ. ಓಟಿಗೆ 400 ರೂಪಾಯಿ ದರವಿದ್ದು 27 ಓಟಿ ಬಂದರೆ ಚೀಲಕ್ಕೆ 10,800 ರೂಪಾಯಿ, 26 ಬಂದರೆ 10,400. ತೋಟದ ವ್ಯವಹಾರಕ್ಕೆ ಹೊಸದಾಗಿ ಕೈಹಾಕಿದ ಮಕ್ಕಳಿಗೆ ಈ ಲೆಕ್ಕ ಕನ್ನಡದಲ್ಲಿ ಬಿಡಿಸಿ ಹೇಳುವ ಬರಹ ವರ್ಷವಿಡೀ ಓದಿಸಿಕೊಳ್ಳುತ್ತದೆ. ಆದರೆ ಎಚ್ಚರ: ‘ನಿಮಗೆ ಎಷ್ಟು ಚೀಲ ಆಯಿತು, ಯಾವ ದರಕ್ಕೆ ಕೊಟ್ಟಿರಿ’ ಎಂದು ಕೇಳಬೇಡಿ. ನಾಲ್ಕು ಜನರ ಮುಂದೆ ಯಾರೂ ಹೇಳುವುದಿಲ್ಲ, ಕೇಳಿದವರ ಮೇಲೇ ಅನುಮಾನ ಬರುತ್ತದೆ. ‘ಎಷ್ಟು ಓಟಿ ಬಂತು, ಎಷ್ಟು ದಿನ ಒಣಗಿಸಿದಿರಿ’ ಎಂದರೆ ಸಂಕೋಚವಿಲ್ಲದೆ ಹೇಳುತ್ತಾರೆ. ಮೇಲೆ ಹೇಳಿದ ಮೂರನೇ ಗುಣ ಎಂದರೆ ಇದು.

ಹೆಸರುಗಳು, ವಿಳಾಸ, ತೂಕ

ಗೂಗಲ್ ಮೂಲಕ ಬರುವವರಿಗಾಗಿ ಮಾಡಬೇಕಾದದ್ದು ಹೆಚ್ಚಿಲ್ಲ. ನಮ್ಮಲ್ಲಿ ಒಂದೇ ವಸ್ತುವಿಗೆ ಕೊಡವ, ಅರೆಭಾಷೆ, ಕನ್ನಡದ ಹೆಸರುಗಳು ಬೇರೆ ಬೇರೆ. ಕಣಿಲೆ, ಕಳಲೆ, ಬೈಂಬಳೆ ಮೂರೂ ಎಳೆ ಬಿದಿರಿನ ಮೊಳಕೆಯೇ. ಸುಗ್ಗಿ ಹಬ್ಬಕ್ಕೆ ಹುತ್ತರಿ, ಪುತ್ತರಿ ಎರಡೂ ಬಳಕೆಯಲ್ಲಿವೆ. ‘ಐನ್‌ಮನೆ’ಯನ್ನು (ಮನೆತನದ ಮೂಲಮನೆ) ಒಬ್ಬರು ನ್ ಬಿಡಿಸಿ ಬರೆಯುತ್ತಾರೆ, ಒಬ್ಬರು ‘ಐನ್ಮನೆ’ ಎಂದು ಒತ್ತಕ್ಷರ ಮಾಡುತ್ತಾರೆ, ಇನ್ನೊಬ್ಬರು ನಡುವೆ ಜಾಗ ಬಿಡುತ್ತಾರೆ. ಓದುವವರಿಗೆ ಒಂದೇ ಆದರೂ ಕಂಪ್ಯೂಟರಿಗೆ ಇವು ಬೇರೆ ಬೇರೆ ಅಕ್ಷರಸಾಲು. ತಲೆಬರಹದಲ್ಲಿ ಒಂದು ರೂಪ, ಒಳಗೆ ಸಹಜವಾಗಿ ಇನ್ನೊಂದು ರೂಪ ಬರುವಂತೆ ನೋಡಿಕೊಂಡರೆ ಸಾಕು. ಹತ್ತು ಹೆಸರನ್ನು ಕೆಳಗೆ ರಾಶಿ ಹಾಕುವುದು ಬೇಡ.

ಹಳೆಯ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಅಂಟಿಸುತ್ತಿದ್ದರೆ ಅದು ಯೂನಿಕೋಡ್ ಎಂದು ಖಚಿತಪಡಿಸಿಕೊಳ್ಳಿ. ಯೂನಿಕೋಡ್ ಅಲ್ಲದ ಕನ್ನಡ ಓದುಗರ ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ, ಗೂಗಲ್‌ಗೂ ಅದು ಕನ್ನಡವಲ್ಲ.

ಇನ್ನು ಬರಹದ ವಿಳಾಸ. ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ತಾನಾಗಿಯೇ ‘ಬ್ಲಾಗ್-ಪೋಸ್ಟ್’ ಎಂಬ ಅರ್ಥವಿಲ್ಲದ ವಿಳಾಸ ಕೊಡುತ್ತದೆ. ಪ್ರಕಟಿಸುವ ಮೊದಲು ಬಲಗಡೆಯ ‘ಪರ್ಮಾಲಿಂಕ್’ ತೆರೆದು ‘ಕಸ್ಟಮ್’ ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ‘ಮದ್ದು-ಸೊಪ್ಪು-ಪಾಯಸ’ ಎಂದು ಬರೆಯಿರಿ. ಪ್ರಕಟಿಸಿದ ಮೇಲೆ ಬದಲಾಯಿಸಿದರೆ ಅದುವರೆಗೆ ಹಂಚಿದ ಲಿಂಕುಗಳೆಲ್ಲ ಮುರಿಯುತ್ತವೆ. ವರ್ಡ್‌ಪ್ರೆಸ್ ಬಳಸುವವರಿಗೆ ಬೇರೆ ತೊಂದರೆ. ಅಲ್ಲಿ ವಿಳಾಸ ಕನ್ನಡದಲ್ಲೇ ಬರುತ್ತದೆ, ಆದರೆ ಅದನ್ನು ನಕಲು ಮಾಡಿ ಅಂಟಿಸಿದಾಗ ಒಂದೊಂದು ಅಕ್ಷರ, ಒಂದೊಂದು ಸ್ವರಚಿಹ್ನೆಯೂ ಒಂಬತ್ತು ಗುರುತುಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಮಡಿಕೇರಿ’ ಎಂಬ ಒಂದೇ ಪದ 63 ಗುರುತುಗಳ ಸಾಲಾಗುತ್ತದೆ. ಅಂಥ ಲಿಂಕು ವಾಟ್ಸ್ಆ್ಯಪ್‌ನಲ್ಲಿ ಬಂದರೆ ಮೋಸದ ಲಿಂಕು ಎಂದುಕೊಂಡು ಜನ ಒತ್ತುವುದಿಲ್ಲ.

ಚಿತ್ರದ ತೂಕವನ್ನೂ ನೋಡಿ. ಫೋನಿನಿಂದ ನೇರ ಬಂದ ಚಿತ್ರ ಮೂರು ನಾಲ್ಕು ಎಂಬಿ ಇರುತ್ತದೆ. ಜುಲೈಯಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿ ಇಳಿದು, ಒಂದು ಗೆರೆ ಸಿಗ್ನಲ್‌ನಲ್ಲಿ ಓದುವವರನ್ನು ನೆನೆದು ಅಗಲ 1200 ಪಿಕ್ಸೆಲ್, ತೂಕ 200 ಕೆಬಿ ಒಳಗೆ ತನ್ನಿ. ವಾಟ್ಸ್ಆ್ಯಪ್‌ನಲ್ಲಿ ಲಿಂಕಿನ ಜೊತೆ ಸಣ್ಣ ಚಿತ್ರ ಬೇಗ ಮೂಡಲೂ ಇದರಿಂದ ಅನುಕೂಲ.

ನಂತರ ಹುಡುಕಾಟದಲ್ಲಿ ನಿಮ್ಮ ಬ್ಲಾಗು ಹೇಗೆ ಕಾಣುತ್ತದೆ ಎಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ಗೆ ಬ್ಲಾಗು ಸೇರಿಸಿ, ಸೈಟ್‌ಮ್ಯಾಪ್ ಜಾಗದಲ್ಲಿ ಬ್ಲಾಗಿನ ಸೈಟ್‌ಮ್ಯಾಪ್ ಕಡತದ ಹೆಸರು ಕೊಡಿ, ಉಚಿತ. ತಿಂಗಳಿಗೊಮ್ಮೆ ‘ಪರ್ಫಾರ್ಮೆನ್ಸ್’ ತೆರೆದು ಯಾವ ಪದ ಹುಡುಕಿದವರಿಗೆ ನಿಮ್ಮ ಬರಹ ಕಂಡಿತು ನೋಡಿ. ಸರಾಸರಿ ಸ್ಥಾನ 8ರಿಂದ 20ರ ನಡುವೆ ಇರುವ ಪದಗಳೇ ನಿಮ್ಮ ಕೆಲಸದ ಪಟ್ಟಿ. ಅವು ಮೊದಲ ಪುಟದ ಅಂಚಿನಲ್ಲಿರುವ ಬರಹಗಳು, ಕೊರತೆಯಿರುವ ಒಂದು ಪ್ಯಾರಾ ಸೇರಿಸಿದರೆ ಮೇಲೇರಬಹುದು. ಬ್ಲಾಗರ್ ತೋರಿಸುವ ಓದಿನ ಲೆಕ್ಕವನ್ನು ಬಹಳ ನಂಬಬೇಡಿ, ಅದರಲ್ಲಿ ಯಂತ್ರಗಳ ಭೇಟಿಯೂ ಸೇರಿರುತ್ತದೆ. ನಿಮ್ಮ 64 ಬರಹಗಳಲ್ಲಿ ಹೆಚ್ಚು ಕಂಡ ಎಂಟು ಹತ್ತನ್ನು ಮೇಲಿನ ಪಾಯಸದ ಬರಹದಂತೆ ತಿದ್ದಿ ಕಟ್ಟುವುದು 65ನೆಯದನ್ನು ಬರೆಯುವುದಕ್ಕಿಂತ ಹೆಚ್ಚು ಓದುಗರನ್ನು ತರುತ್ತದೆ.

ಹಂಚುವುದು

ನಿಮ್ಮ ಓದುಗರು ಇರುವುದು ವಾಟ್ಸ್ಆ್ಯಪ್‌ನಲ್ಲಿ: ಒಕ್ಕದ (ಕೊಡವ ಮನೆತನದ) ಗುಂಪು, ಊರಿನ ಗುಂಪು, ಬೆಳೆಗಾರರ ಗುಂಪು, ಬೆಂಗಳೂರು ಮೈಸೂರಿನ ಸಮಾಜದ ಗುಂಪು. ಪ್ರತಿ ಬರಹವನ್ನೂ ಎಲ್ಲ ಗುಂಪಿಗೂ ಎಸೆದರೆ ಮೂರನೇ ಸಲಕ್ಕೆ ಯಾರೂ ತೆರೆಯುವುದಿಲ್ಲ. ಮಳೆಯ ಬರಹ ಬೆಳೆಗಾರರ ಗುಂಪಿಗೆ, ಹುತ್ತರಿಯ ಬರಹ ಊರು ಬಿಟ್ಟವರ ಗುಂಪಿಗೆ, ಹೀಗೆ ನಾಲ್ಕು ಬರಹಗಳಲ್ಲಿ ಒಂದಷ್ಟೇ ಪ್ರತಿ ಗುಂಪಿಗೆ ಹೋದರೆ ಸಾಕು. ಬರೀ ಲಿಂಕು ಕಳಿಸಬೇಡಿ. ಬರಹದ ಉಪಯುಕ್ತ ಮೂರು ಸಾಲನ್ನು ಸಂದೇಶದಲ್ಲೇ ಕೊಟ್ಟು, ಕೆಳಗೆ ಲಿಂಕು ಇಡಿ. ‘ಪೊನ್ನಂಪೇಟೆ ನಿನ್ನೆ ರಾತ್ರಿ 1 ಇಂಚು 10 ಸೆಂಟ್. ಬೇರೆ ಊರಿನ ಅಂಕಿಗಳು ಇಲ್ಲಿ ಸೇರುತ್ತಿವೆ, ನಿಮ್ಮದೂ ಬರೆಯಿರಿ’ ಎಂದರೆ ಲಿಂಕು ಒತ್ತದವರಿಗೂ ಏನೋ ಸಿಕ್ಕಿತು, ಬೇಸರವಾಗಲಿಲ್ಲ.

ಆಸಕ್ತಿಯಿರುವವರಿಗೆ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಬಹುದು, ಅದರಲ್ಲಿ ಒಂದೇ ಸಂದೇಶ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಒಂದು ಪಟ್ಟಿಗೆ 256 ಜನ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಎಷ್ಟೋ ಜನ ಇದು ತಿಳಿಯದೆ ಇನ್ನೂರು ಜನಕ್ಕೆ ಕಳಿಸಿದೆ ಎಂದುಕೊಂಡಿರುತ್ತಾರೆ, ತಲುಪುವುದು ನಲವತ್ತಕ್ಕೆ. ಪಟ್ಟಿಗೆ ಸೇರಿಸುವಾಗಲೇ ‘ನನ್ನ ನಂಬರು ಉಳಿಸಿಕೊಳ್ಳಿ’ ಎಂದು ಹೇಳಿ.

ಗುಂಪಿನಲ್ಲೇ ಒಬ್ಬರು ಒಳ್ಳೆಯ ಉತ್ತರ ಬರೆದರೆ ಏನು ಮಾಡುವುದು? ಇದು ಖಂಡಿತ ಆಗುತ್ತದೆ. ‘ಇದನ್ನು ನಿಮ್ಮ ಹೆಸರಿನಲ್ಲಿ ಬ್ಲಾಗಿಗೆ ಹಾಕಲೇ?’ ಎಂದು ಕೇಳಿ, ಒಪ್ಪಿದರೆ ‘ವಾಟ್ಸ್ಆ್ಯಪ್‌ನಲ್ಲಿ ಬಂದದ್ದು’ ಎಂದು ಸೂಚಿಸಿ ನೀವೇ ಹಾಕಿ. ಸಂತೆಯಲ್ಲಿ ಸಿಕ್ಕಿ ಚೆನ್ನಾಗಿತ್ತು ಅಂದವರಿಗೂ ಇದನ್ನೇ ಮಾಡಬಹುದು. ಆದರೆ ಬೇರೆಯವರ ಹೆಸರಿನಲ್ಲಿ ನೀವೇ ಕಾಮೆಂಟು ಸೃಷ್ಟಿಸಬೇಡಿ. ಕೊಡಗು ಸಣ್ಣ ಜಾಗ, ಯಾರು ಹೇಗೆ ಬರೆಯುತ್ತಾರೆ ಎಂದು ಎಲ್ಲರಿಗೂ ಗೊತ್ತು. ಒಮ್ಮೆ ನಂಬಿಕೆ ಹೋದರೆ ನಿಮ್ಮ ಮಳೆಯ ಅಂಕಿಯನ್ನೂ ನಂಬುವುದಿಲ್ಲ.

ಬಂದ ಮಾತಿಗೆ ಉತ್ತರ

ಮೊದಲ ಐವತ್ತು ಕಾಮೆಂಟುಗಳಿಗೆ ಅದೇ ದಿನ ಉತ್ತರ ಹೋಗಲಿ. ‘ಧನ್ಯವಾದಗಳು’ ಎಂದರೆ ಮಾತು ಅಲ್ಲಿಗೆ ಮುಗಿಯಿತು. ‘ಪಾಲಿಬೆಟ್ಟದಲ್ಲಿ 60 ಸೆಂಟ್ ಅಂದಿರಿ, ಹೂವಿಗೆ ಸಾಕಾಗಬಹುದೇ, ಸ್ಪ್ರಿಂಕ್ಲರ್ ಹಾಕುತ್ತೀರಾ?’ ಎಂದು ಅವರು ಹೇಳಿದ್ದನ್ನೇ ಹಿಡಿದು ಕೇಳಿದರೆ ಎರಡನೇ ಕಾಮೆಂಟು ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರನ್ನು ತಿದ್ದಬೇಡಿ. ನೀವು ಕನ್ನಡ ಲಿಪಿಯಲ್ಲಿ ಉತ್ತರಿಸಿ, ಅಷ್ಟೇ. ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಬಂದರೆ ಹಾಗೆಯೇ ಇರಲಿ, ಅದು ನಿಮ್ಮ ಬ್ಲಾಗಿಗೆ ಬಂದ ಭಾಗ್ಯ. ಟೈಪು ಮಾಡಲು ಕಷ್ಟ ಅನ್ನುವ ಹಿರಿಯರಿಗೆ ಗೂಗಲ್ ಕೀಲಿಮಣೆ ಜಿಬೋರ್ಡ್‌ನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಎಂದು ತೋರಿಸಿಕೊಡಿ. ಹಳೆಯ ವಿಷಯ ಇರುವುದು ಅವರ ಹತ್ತಿರವೇ.

ನಿಮ್ಮ ಬರಹದಲ್ಲಿ ತಪ್ಪು ತೋರಿಸಿದ ಕಾಮೆಂಟನ್ನು ಎಂದೂ ಅಳಿಸಬೇಡಿ. ಬರಹ ತಿದ್ದಿ, ‘ಇದನ್ನು ತಿಳಿಸಿದವರು ಇಂಥವರು’ ಎಂದು ಬರೆಯಿರಿ. ಅಳಿಸಲೇಬೇಕಾದವು ಬೇರೆ ಇವೆ: ಫೋನ್ ನಂಬರು, ಜಾಗದ ತಕರಾರು, ಯಾವುದೋ ಮನೆತನದ ಮೇಲಿನ ಆರೋಪ, ಆನೆ ಎಲ್ಲಿದೆ ಎಂಬ ಖಚಿತವಲ್ಲದ ಸುದ್ದಿ. ಒಂದು ಐನ್‌ಮನೆಯ ಚಿತ್ರ ಹಾಕುವ ಮೊದಲು ಆ ಒಕ್ಕದ ಹಿರಿಯರನ್ನು ಕೇಳಿ. ಕೇಳಿದರೆ ಅವರೇ ಕಥೆಯನ್ನೂ ಹೇಳುತ್ತಾರೆ, ಬರಹ ಬಂದ ಮೇಲೆ ಇಡೀ ಒಕ್ಕ ಓದುತ್ತದೆ.

ಫೇಸ್‌ಬುಕ್ಕಿನ ವಿಷಯ. ಅಲ್ಲಿ ಮಾತು ಬೇಗ ಬರುತ್ತದೆ, ನಿಜ. ಆದರೆ ಈ ವರ್ಷ ಹಾಕಿದ ಮದ್ದು ಸೊಪ್ಪಿನ ಪಾಯಸ ಮುಂದಿನ ಕಕ್ಕಡಕ್ಕೆ ಅಲ್ಲಿ ಹುಡುಕಿದರೆ ಸಿಗುವುದು ಕಷ್ಟ. ನಿಮ್ಮ ವಿಷಯಗಳೆಲ್ಲ ವರ್ಷ ವರ್ಷ ಮರಳಿ ಬರುವಂಥವು: ಹೂಮಳೆ, ಕಕ್ಕಡ, ಕೈಲ್‌ಪೊಳ್ದ್, ತುಲಾ ಸಂಕ್ರಮಣ, ಹುತ್ತರಿ, ಕೊಯ್ಲು. ಅವುಗಳಿಗೆ ವಿಳಾಸ ಬದಲಾಗದ ಜಾಗ ಬೇಕು. ಫೇಸ್‌ಬುಕ್ಕನ್ನು ಗುಂಪಿನಂತೆಯೇ ಬಳಸಿ, ಮೂರು ಸಾಲು ಅಲ್ಲಿ, ಪೂರ್ತಿ ಬರಹ ಬ್ಲಾಗಿನಲ್ಲಿ. ಈ ವಾರ ಬೇರೆಯವರ ಫೋನಿನ ಪರೀಕ್ಷೆ ಮುಗಿಸಿ, ನಂತರ ಮುಂದೆ ಬರಲಿರುವ ಹಬ್ಬವೋ ಕೆಲಸವೋ ಯಾವುದೆಂದು ನೋಡಿ, ಅದಕ್ಕೆ ಮೂರು ವಾರ ಮೊದಲು ಪ್ರಕಟವಾಗುವಂತೆ ಒಂದು ಹಳೆಯ ಬರಹವನ್ನು ತೆಗೆದು ತಿದ್ದಲು ಕೂರಿ.